ನೀರುಗಂಟಿ ಮೇಲೆ ಬರಲಿಲ್ಲ

ಅವರು ನಮ್ಮನ್ನು ಉದ್ಧಾರ ಮಾಡಲು ಹದಿನಾರು ದಿನದ ಮಟ್ಟಿಗೆ ಅಮೆರಿಕದಿಂದ ಬಂದಿದ್ದರು. ಆ ಹದಿನಾರರಲ್ಲಿ ಮೂರು ದಿನ ವಿಮಾನಕ್ಕೆ ಹೋಯಿತು. ಎರಡು ದಿನ ಹೊಟ್ಟೆ ಕೆಟ್ಟಿದ್ದಕ್ಕೆ ಹೋಯಿತು. ಒಂದು ದಿನ ಮೈಸೂರು ಅರಮನೆಗೆ. ಉಳಿದ ಹತ್ತು ದಿನದೊಳಗೆ ನಮ್ಮ ಮಾರನಕಟ್ಟೆ ಅಭಿವೃದ್ಧಿಯಾಗಬೇಕಿತ್ತು. ಸಾವಿರ ವರ್ಷದಿಂದ ಆಗದೆ ಕೂತಿದ್ದು ಹತ್ತು ದಿನದಲ್ಲಿ ಆಗಬೇಕೆಂದರೆ ಸುಮ್ಮನೆಯೇ? ಅದಕ್ಕೇ ಇರಬೇಕು, ಬೆಳಿಗ್ಗೆ ಐದಕ್ಕೇ ಎದ್ದು ಚಡ್ಡಿ ಹಾಕಿಕೊಂಡು, ತಾವು ಇಳಿದುಕೊಂಡಿದ್ದ ಉಪ್ಪಾರಹಳ್ಳಿಯ ರಸ್ತೆಯಲ್ಲಿ ಓಡುತ್ತಿದ್ದರು. ಇವರದೇನು ಕಳ್ಳತನವಾಯಿತೋ ಎಂದು ಹಾಲಿನವರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು.

ಇದು ಎಂಬತ್ತೆರಡನೇ ಇಸವಿ ಮೇ ತಿಂಗಳ ಮಾತು. ನನ್ನ ಹೆಸರು ಹೊನ್ನಯ್ಯ. ತುಮಕೂರಿನಲ್ಲಿ ಹಾಸ್ಟೆಲ್ ಅನ್ನ ತಿಂದು ಬಿ.ಎ. ಪರೀಕ್ಷೆ ಬರೆದು ಮುಗಿಸಿದ್ದೆ. ಗುಬ್ಬಿ ತಾಲ್ಲೂಕಿನಲ್ಲಿ, ಕಡಬದಿಂದ ಎರಡು ಮೈಲಿ ಒಳಗೆ, ಮಾರನಕಟ್ಟೆ ನಮ್ಮೂರು. ನಮ್ಮೂರು ಎನ್ನುವುದು ನಮ್ಮ ಧಾರಾಳತನ. ಊರಿನವರು ನಮ್ಮದನ್ನು ಊರು ಎನ್ನುವುದಿಲ್ಲ, ಎ.ಕೆ. ಕಾಲೋನಿ ಎನ್ನುತ್ತಾರೆ. ಆ ಕಾಲೋನಿಯಲ್ಲಿ ಇಂಗ್ಲಿಷ್ ಬರುತ್ತಿದ್ದ ಪ್ರಾಣಿ ನಾನೊಬ್ಬನೇ.

ಉಪ್ಪಾರಹಳ್ಳಿಯಲ್ಲಿ ಲಕ್ಷ್ಮೀನರಸಿಂಹಯ್ಯ ಎಂಬ ದೊಡ್ಡ ಮನುಷ್ಯರು ಒಂದು ಸೇವಾ ಕೇಂದ್ರ ನಡೆಸುತ್ತಿದ್ದರು. ಖಾದಿ ಜುಬ್ಬಾ, ಜೇಬಿಗೆ ಮೂರು ಪೆನ್ನು. ಅಮೆರಿಕದ ಒಂದು ವಿಶ್ವವಿದ್ಯಾಲಯದ ಹನ್ನೊಂದು ಹುಡುಗ ಹುಡುಗಿಯರನ್ನೂ ಅವರ ಪ್ರೊಫೆಸರನ್ನೂ ಕರೆಸಿಕೊಂಡವರು ಇವರೇ. ಮೊದಲು ಅಮೃತೂರಿನ ಕಡೆಯ ಒಂದು ಹಳ್ಳಿ ಗೊತ್ತಾಗಿತ್ತಂತೆ. ಆ ಹಳ್ಳಿ ಹೋದ ವರ್ಷವೇ ಇನ್ನೊಂದು ತಂಡದ ಕೈಯಲ್ಲಿ ಉದ್ಧಾರವಾಗಿಬಿಟ್ಟಿದ್ದರಿಂದ ಪಾಳಿ ನಮಗೆ ಬಂತು. ನಮ್ಮ ಮಾತನ್ನು ಅವರಿಗೂ ಅವರ ಮಾತನ್ನು ನಮಗೂ ದಾಟಿಸಲು ನಾನು ನೇಮಕವಾದೆ.

ಮೊದಲ ದಿನವೇ ಲಕ್ಷ್ಮೀನರಸಿಂಹಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದರು. ಜುಬ್ಬಾ ತೊಟ್ಟವರು ಹೆಗಲ ಮೇಲೆ ಕೈ ಹಾಕಿದ್ದು ನನಗೆ ಅದೇ ಮೊದಲು. ಮೈಯೆಲ್ಲ ಪುಳಕವಾಯಿತು, ಸುಳ್ಳು ಯಾಕೆ ಹೇಳಲಿ.

"ನೋಡಪ್ಪ ಹೊನ್ನಯ್ಯ, ಇವ್ರು ಫಾರಿನ್ನೋರು. ಜಾತಿ ಗೀತಿ ಅಂತ ಇವ್ರ ಹತ್ರ ಮಾತೆತ್ಬೇಡ. ಅವ್ರಿಗೂ ಅರ್ಥ ಆಗಲ್ಲ, ನಮ್ ದೇಶಕ್ಕೂ ಮರ್ಯಾದೆ ಅಲ್ಲ. ಇದೊಂದು ಕ್ಯಾಂಪ್ ಚೆನ್ನಾಗಿ ಮುಗಿಸ್ಕೊಡು. ನಿನ್ನ ಫೀಲ್ಡ್ ವರ್ಕರ್ ಮಾಡ್ಕೊಳ್ಳೋ ಜವಾಬ್ದಾರಿ ನಂದು."

"ಆಗ್ಲಿ ಸಾರ್" ಎಂದೆ.

ಈ "ಆಗ್ಲಿ ಸಾರ್" ಇದೆಯಲ್ಲ, ಇದಕ್ಕೆ ನಾನು ತೆತ್ತಿದ್ದು ನಮ್ಮ ಕಾಲೋನಿಗೆ ಆಗಬೇಕಿದ್ದ ಬಾವಿ. ಹೇಗೆ ಎಂದು ಹೇಳುತ್ತೇನೆ.

ನಮ್ಮಪ್ಪ ಓಬಳಯ್ಯ ಆ ಊರಿನ ಕೆರೆಯ ನೀರುಗಂಟಿ. ತೂಬು ತೆಗೆಯುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವುದು, ತೂಬು ಮುಚ್ಚುವುದು ಅವನ ಕೆಲಸ. ತೂಬಿನ ಬೆಣೆ ಕೆರೆಯ ತಳದಲ್ಲಿರುತ್ತದೆ. ಉಸಿರು ಕಟ್ಟಿ ಮುಳುಗಿ ಅದನ್ನು ಕೈಯಲ್ಲಿ ಅಲ್ಲಾಡಿಸಿ ಕೀಳಬೇಕು. ಕಾರ್ತಿಕದ ಚಳಿಯಲ್ಲೂ ಮುಳುಗಬೇಕು. ಮುಳುಗಿ ಮುಳುಗಿ ಅವನ ಕಿವಿಯಲ್ಲಿ ಸದಾ ಕೀವು. ಅವನು ಬಿಟ್ಟ ನೀರಿನಲ್ಲಿ ಊರಿನವರೆಲ್ಲ ಭತ್ತ ಬೆಳೆದು ಉಂಡರು. ಅವನ ಹೆಂಡತಿ, ನಮ್ಮವ್ವ ಚಿಕ್ಕಗಂಗಮ್ಮ, ಊರ ಸೇದೋ ಬಾವಿಯಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ಖಾಲಿ ಕೊಡ ಹಿಡಿದು ನಿಂತಳು. ಊರ ಹೆಂಗಸರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಸೇದಿ, ಮೇಲಿನಿಂದ ಹುಯ್ಯುತ್ತಾರೆ. ಮನಸ್ಸು ಬರುವ ತನಕ ನಿಲ್ಲಬೇಕು. ಅಪ್ಪ ಕೆರೆಯ ತಳ ಮುಟ್ಟಿದರೆ ಮೈಲಿಗೆಯಿಲ್ಲ. ಅವ್ವ ಬಾವಿಯ ಕಟ್ಟೆ ಮುಟ್ಟಿದರೆ ಮೈಲಿಗೆ. ಇದನ್ನು ಕಂಡುಹಿಡಿದವನ ತಲೆಗೆ ಯಾವ ವಿಶ್ವವಿದ್ಯಾಲಯವೂ ಡಾಕ್ಟರೇಟು ಕೊಟ್ಟಿಲ್ಲ, ಪಾಪ.

ತಂಡದವರು ಎರಡು ದಿನ ಸರ್ವೆ ಮಾಡಿದರು. ಕ್ಯಾರಲ್ ಎಂಬ ಹುಡುಗಿ ನಮ್ಮ ಮನೆಗೆ ಬಂದಳು. ಕೆಂಪು ಮೂಗು, ಒಳ್ಳೆಯ ನಗು. ನೆಲದ ಮೇಲೇ ಕೂತಳು. ಅವಳ ಹತ್ತಿರ ನಾಲ್ಕು ಹಾಳೆಯ ಅಚ್ಚು ಹಾಕಿದ ಪ್ರಶ್ನೆಗಳಿದ್ದವು.

"ಬಿಡುವಿನ ವೇಳೆಯಲ್ಲಿ ಏನು ಮಾಡುತ್ತೀರಿ?" ಅವಳು ಕೇಳಿದ್ದನ್ನು ಅವ್ವನಿಗೆ ದಾಟಿಸಿದೆ.

"ಬಿಡುವು ಅಂದ್ರೆ ಏನ್ಲಾ ಹೊನ್ನ?"

"ಕೆಲ್ಸ ಇಲ್ದಾಗ ಕಣವ್ವ."

"ಕೆಲ್ಸ ಇಲ್ದಾಗ ಹಸ್ಕೊಂಡಿರ್ತೀವಿ ಅನ್ನು."

ನಾನು "ವಿಶ್ರಾಂತಿ ತೆಗೆದುಕೊಳ್ಳುತ್ತಾರೆ" ಎಂದು ದಾಟಿಸಿದೆ. ಕ್ಯಾರಲ್ ಸಂತೋಷದಿಂದ ಬರೆದುಕೊಂಡಳು.

ಆಮೇಲೆ ನೀರಿನ ಪ್ರಶ್ನೆ ಬಂತು. ಮನೆಯಿಂದ ಬಾವಿಗೆ ಎಷ್ಟು ದೂರ? ಅವ್ವ ಕೈ ಚಾಚಿ ತೋರಿಸಿದಳು. ನೂರು ಗಜವಾಗಬಹುದು. ನೀರು ತರಲು ದಿನಕ್ಕೆ ಎಷ್ಟು ಹೊತ್ತು?

"ಬೆಳಿಗ್ಗೆ ಒಂದೂವರೆ ಗಂಟೆ, ಸಾಯಂಕಾಲ ಒಂದೂವರೆ ಗಂಟೆ. ಬ್ಯಾಸ್ಗೇಲಿ ಇನ್ನೂ ಜಾಸ್ತಿ."

ನಾನು ಮೂರು ಗಂಟೆ ಎಂದೆ. ಕ್ಯಾರಲ್ ಪೆನ್ನು ನಿಲ್ಲಿಸಿದಳು. ನೂರು ಗಜಕ್ಕೆ ಮೂರು ಗಂಟೆ ಹೇಗಾಗುತ್ತದೆ, ನಿಮ್ಮ ತಾಯಿಗೆ ಗಡಿಯಾರ ನೋಡಿ ಅಭ್ಯಾಸವಿಲ್ಲ ಅಲ್ಲವೇ ಎಂದಳು. ಬಹಳ ಮೃದುವಾಗಿಯೇ ಕೇಳಿದಳು. ಬಾಗಿಲಲ್ಲಿ ಲಕ್ಷ್ಮೀನರಸಿಂಹಯ್ಯ ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು.

"ಹೌದು, ಅಭ್ಯಾಸವಿಲ್ಲ" ಎಂದೆ.

ಕ್ಯಾರಲ್ ಮೂರು ಗಂಟೆಯನ್ನು ಹೊಡೆದುಹಾಕಿ ಹತ್ತು ನಿಮಿಷ ಎಂದು ಬರೆದಳು. ನಮ್ಮವ್ವ ಮೂವತ್ತು ವರ್ಷ ಬಿಸಿಲಲ್ಲಿ ನಿಂತಿದ್ದು ಒಂದು ಗೀಟಿನಲ್ಲಿ ಅಳಿಸಿಹೋಯಿತು. ಗೀಟೆಳೆದದ್ದು ಅವಳು, ಕೈ ಹಿಡಿದು ಎಳೆಸಿದವನು ನಾನು. ಇವತ್ತಿಗೂ ಅದನ್ನು ನೆನೆದರೆ ನನಗೆ ನನ್ನ ಮೇಲೇ ಉಗಿಯುವ ಹಾಗಾಗುತ್ತದೆ.

ಮೂರನೇ ದಿನ ಶಾಲೆಯ ಅಂಗಳದಲ್ಲಿ ಸಮುದಾಯ ಸಭೆ. ಊರಿನವರು ಬೆಂಚಿನ ಮೇಲೆ, ಕಾಲೋನಿಯವರು ಹುಣಿಸೇಮರದ ಬುಡದಲ್ಲಿ ನೆಲದ ಮೇಲೆ. ಪ್ರೊಫೆಸರ್ ವಿಟ್ಲಾಕ್ ಇದನ್ನು ನೋಡಿ, ಕಾಲೋನಿಯವರಿಗೆ ಪ್ರಕೃತಿಯ ಮೇಲೆ ಎಷ್ಟು ಪ್ರೀತಿ ಎಂದರು. ದೊಡ್ಡ ಹಾಳೆಯ ಮೇಲೆ ಬಣ್ಣದ ಗೀರು ಎಳೆದು ಸರ್ವೆಯ ಸಾರಾಂಶ ಹೇಳಿದರು. ಕಾಲೋನಿಯ ಮನೆಗಳಿಗೆ ಬಾವಿ ನೂರು ಗಜದೊಳಗೇ ಇದೆ, ಹತ್ತು ನಿಮಿಷದಲ್ಲಿ ನೀರು ಸಿಗುತ್ತದೆ, ಆದ್ದರಿಂದ ಹೊಸ ಬಾವಿಯ ಅಗತ್ಯವಿಲ್ಲ. ಆದರೆ ಇರುವ ಬಾವಿಯಲ್ಲಿ ಹೂಳು ತುಂಬಿದೆ. ಅದನ್ನು ನಾವೆಲ್ಲ ಸೇರಿ ಶ್ರಮದಾನದಿಂದ ತೆಗೆಯೋಣ.

ಕಾಲೋನಿಗೆ ಒಂದು ಬಾವಿಯಾಗುತ್ತದೆ ಎಂದು ಲಕ್ಷ್ಮೀನರಸಿಂಹಯ್ಯನವರೇ ಬಂದು ಹೇಳಿದ್ದರು. ಆ ಮಾತು ಕೇಳಿ ನಮ್ಮವ್ವ ಜಾಗವನ್ನೂ ಸಗಣಿ ಹಾಕಿ ಸಾರಿಸಿ ಇಟ್ಟಿದ್ದಳು. ಅವಳು ನನ್ನನ್ನು ನೋಡಿದಳು. ನಾನು ಹಾಳೆ ನೋಡಿದೆ.

ಪಟೇಲ ಮಹಾಲಿಂಗಯ್ಯ ಮೊದಲು ಚಪ್ಪಾಳೆ ಹೊಡೆದ. ಪಟೇಲಗಿರಿ ಕಾನೂನಿನಲ್ಲಿ ಹೋಗಿ ಇಪ್ಪತ್ತು ವರ್ಷವಾಗಿದ್ದರೂ ಅವನ ಮೀಸೆಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಬಾವಿ ಅವನ ಬೀದಿಯದು. ನೀರು ಅವನ ಮನೆಯದು. ಹೂಳು ಎತ್ತುವುದು ಮಾತ್ರ ಸಮುದಾಯದ್ದು.

ಬಿಳಿಯರು ಬಾವಿಕಟ್ಟೆ ಹತ್ತಬಹುದೇ ಎಂದು ಊರಿನಲ್ಲಿ ಒಂದು ಸಾಯಂಕಾಲವೆಲ್ಲ ಚರ್ಚೆಯಾಯಿತು. ಅವರದು ಯಾವ ಜಾತಿ? ದನ ತಿನ್ನುತ್ತಾರಲ್ಲ? ಕೊನೆಗೆ ಪಟೇಲನೇ ತೀರ್ಪು ಕೊಟ್ಟ. "ತಿಂದ್ರೆ ಅವರ ದೇಸದ್ ದನ ತಿಂತಾರೆ ಕಣ್ರಯ್ಯ, ನಮ್ ದನ ಅಲ್ವಲ್ಲ. ಬುಡಿ, ಹತ್ಲಿ." ಮಾರನೆಯ ದಿನ ಕ್ಯಾರಲ್ ಕಟ್ಟೆ ಹತ್ತಿ ನೀರು ಸೇದಿ ಫೋಟೋ ತೆಗೆಸಿಕೊಂಡಳು. ನಮ್ಮವ್ವ ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತು ಆ ಫೋಟೋ ತೆಗೆಯುವುದನ್ನು ನೋಡಿದಳು.

ಬಾವಿ ಏಳಾಳು ಆಳ. ಒಳಗೆ ಮೆಟ್ಟಿಲಿಲ್ಲ, ಹಗ್ಗ ಕಟ್ಟಿ ಇಳಿಸಬೇಕು. ಇದ್ದ ನೀರನ್ನು ಸೇದಿ ಚೆಲ್ಲಿದ ಮೇಲೆ ತಳದಲ್ಲಿ ಎದೆಮಟ್ಟದ ಹೂಳು, ಕೊಳೆತ ಹೂವು, ಒಡೆದ ಗಡಿಗೆ, ಸತ್ತ ಇಲಿ. ಶ್ರಮದಾನಕ್ಕೆ ಹುಡುಗರು ಹೊಸ ಕೈಗವಸು ಹಾಕಿಕೊಂಡು ಬಂದರು. ಒಬ್ಬ ಹುಡುಗ ಇಳಿದ. ಅರ್ಧಕ್ಕೇ ವಾಸನೆಗೆ ವಾಂತಿ ಮಾಡಿಕೊಂಡ. ಅವನನ್ನು ಎಳೆದು ಮೇಲೆ ಹಾಕಿ ಎಳನೀರು ಕುಡಿಸಿದ್ದಾಯಿತು. ಆಗ ಎಲ್ಲರಿಗೂ ನಮ್ಮಪ್ಪನ ನೆನಪಾಯಿತು.

"ನೀನೇ ಇಳಿಯೋ ಓಬ್ಳ, ನಿಂಗ್ ನೀರು ಹೊಸ್ದಾ?" ಎಂದ ಪಟೇಲ.

ಇಳಿಯುವಾಗ ಮೈಲಿಗೆಯ ಮಾತು ಯಾರೂ ಎತ್ತಲಿಲ್ಲ. ಹೂಳಿಗೆ ಜಾತಿಯಿಲ್ಲ, ನೀರಿಗೆ ಮಾತ್ರ ಉಂಟು. ಅಪ್ಪನ ಜೊತೆ ಕಾಲೋನಿಯ ಎಂಟು ಜನ ಪಾಳಿ ಹಾಕಿಕೊಂಡು ಇಳಿದರು. ಚನಿಕೆಯಲ್ಲಿ ಕೆಸರು ಕಡಿದು ಮಂಕರಿಗೆ ತುಂಬುವುದು, ಮೇಲಿನವರು ಜಗ್ಗುವುದು. ಮಂಕರಿ ಮೇಲೇರುವಾಗ ಅರ್ಧ ಕೆಸರು ಕೆಳಗಿದ್ದವರ ತಲೆಯ ಮೇಲೇ ಸುರಿಯುತ್ತಿತ್ತು. ಮಧ್ಯಾಹ್ನ ಮೇಲೆ ಬಂದರೆ ಕಣ್ಣು ಮಾತ್ರ ಕಾಣುತ್ತಿತ್ತು. ಅಪ್ಪನ ಬೆರಳ ಸಂದೆಲ್ಲ ಬಿರಿದು ರಕ್ತ. ರಾತ್ರಿ ರಾಗಿಮುದ್ದೆ ಮುರಿಯಲಾಗದೆ ಅವ್ವನ ಕೈಯಲ್ಲಿ ತುತ್ತು ಮಾಡಿಸಿಕೊಂಡು ಉಂಡ.

ಹುಡುಗರು ಸುಮ್ಮನೆ ಕೂರಲಿಲ್ಲ, ನಿಜ ಹೇಳಬೇಕು. ಮೇಲೆ ಬಂದ ಮಂಕರಿಯನ್ನು ಇಬ್ಬಿಬ್ಬರು ಹಿಡಿದು ಹತ್ತು ಮಾರು ಹೊತ್ತು ಸುರಿದರು. ಸುರಿದಾಗಲೆಲ್ಲ ಒಬ್ಬರ ಅಂಗೈಗೆ ಒಬ್ಬರು ಹೊಡೆದು ಕೂಗಿಕೊಂಡರು. ಈ ಕೆಲಸಕ್ಕೆ ಅವರ ಓದಿನಲ್ಲಿ ಮೂರು ಕ್ರೆಡಿಟ್ ಸಿಗುತ್ತದೆ ಎಂದು ಕ್ಯಾರಲ್ ಹೇಳಿದಳು. ನಮ್ಮಪ್ಪನಿಗೆ ಏನು ಸಿಗುತ್ತದೆ ಎಂದು ಲಕ್ಷ್ಮೀನರಸಿಂಹಯ್ಯನವರನ್ನು ಕೇಳಿದೆ.

"ಶ್ರಮದಾನ ಅಂದ್ಮೇಲೆ ದಾನ ಅಲ್ವೇನಯ್ಯಾ?" ಎಂದರು.

ಎಷ್ಟು ದೊಡ್ಡ ಮಾತು. ತಲೆತಲಾಂತರದಿಂದ ನಾವು ಮಾಡಿದ್ದು ಬಿಟ್ಟಿ ಚಾಕರಿ ಎಂದುಕೊಂಡಿದ್ದೆ. ದಾನ ಮಾಡುತ್ತಾ ಬಂದಿದ್ದೇವೆ ಎಂದು ಅವತ್ತು ಗೊತ್ತಾಯಿತು.

ಹೂಳೆತ್ತಲು ಇಳಿದ ಆರನೇ ದಿನ ಸಾಯಂಕಾಲ ಅಪ್ಪನ ಚನಿಕೆ ಗಟ್ಟಿ ನೆಲಕ್ಕೆ ತಾಗಿತು. ಬಂಡೆಯ ಸಂದಿಯಲ್ಲಿ ಜಲದ ಕಣ್ಣು ಒಡೆದು ತಣ್ಣಗೆ, ತಿಳಿಯಾಗಿ ನೀರು ಬಂತು. ಬೊಗಸೆಯಲ್ಲಿ ಹಿಡಿದು ಕುಡಿದನಂತೆ. ಮನೆಗೆ ಬಂದು ಅವ್ವನ ಹತ್ತಿರ ಮಕ್ಕಳಂತೆ ಹೇಳಿಕೊಂಡ. "ಎಂಥಾ ಸೀ ನೀರು ಅಂತೀಯ ಗಂಗಿ, ಎಳನೀರು ಕುಡ್ದಂಗೈತೆ." ಅವ್ವ ಖಾಲಿ ಕೊಡ ಬೋರಲು ಹಾಕುತ್ತಾ, "ನಂಗೆ ಯಾವಾಗ ಹುಯ್ತಾರೋ ನೋಡಾನ" ಎಂದಳು.

ಮಾರನೆಯ ದಿನ ಉದ್ಘಾಟನೆ. ಬಾವಿಯ ಸುತ್ತ ಮಾವಿನ ತೋರಣ. ವಿಶ್ವವಿದ್ಯಾಲಯದ ಹೆಸರು ಕೆತ್ತಿದ ಕಲ್ಲು. ಪಟೇಲ ರೇಷ್ಮೆ ಪಂಚೆ ಉಟ್ಟಿದ್ದ. ಹನ್ನೊಂದು ಗಂಟೆಗೆ ಮುಹೂರ್ತ, ಹನ್ನೆರಡೂವರೆಗೆ ತಂಡದ ಬಸ್ಸು ಬೆಂಗಳೂರಿಗೆ. ತಳದಲ್ಲಿ ಕೊನೆಯ ಎರಡು ಮಂಕರಿ ಕೆಸರು ಉಳಿದಿತ್ತು. ಅಪ್ಪ ಒಬ್ಬನೇ ಇಳಿದಿದ್ದ. ರಾತ್ರಿಯೆಲ್ಲ ಒಸರಿದ ನೀರು ಅವನ ಮೊಳಕಾಲು ಮುಚ್ಚಿತ್ತು. ಕೊನೆಯ ಮಂಕರಿ ಮೇಲೆ ಬಂತು. ಅಷ್ಟರಲ್ಲಿ ಐನೋರು ತಾಮ್ರದ ಬಿಂದಿಗೆಯಲ್ಲಿ ಅರಿಶಿನದ ನೀರು, ಗಿಂಡಿಯಲ್ಲಿ ಗಂಜಲ, ಮಾವಿನ ಸೊಪ್ಪು ಹಿಡಿದು ಬಂದರು.

ಪಟೇಲ ಬಾವಿಗೆ ಬಗ್ಗಿ ಕೂಗಿದ. "ಬಿರ್ರನೆ ಬಾರ್ಲಾ ಮ್ಯಾಕೆ. ಪುಣ್ಯಾಹ ಆಗ್ಬೇಕು."

ಅಪ್ಪನ ಮಂದ ಕಿವಿಗೂ ಕೇಳಿಸಿತು. ಬಾವಿಯೊಳಗಿಂದ ಅವನ ದನಿ ದೊಡ್ಡದಾಗಿ ಬಂತು. "ಪುಣ್ಯಾಹ ಯಾಕೆ ಬುದ್ಧಿ?"

"ಯಾಕೆ ಅಂದ್ರೆ? ನೀವು ಇಳ್ದಿದ್ದಕ್ಕೆ ಕಣ್ಲಾ."

ಹಗ್ಗ ಹಿಡಿದಿದ್ದವರು ಅಪ್ಪ ಕಟ್ಟಿಕೊಂಡಿರಬೇಕು ಎಂದು ಜಗ್ಗಿದರು. ಹಗ್ಗ ಬರಿದಾಗಿ ಮೇಲೆ ಬಂತು.

"ಹಂಗಾದ್ರೆ ನಾನು ಇಳ್ದೇ ಇರ್ತೀನಿ ಬುಡಿ" ಎಂದ ಅಪ್ಪ.

ಮೊದಲು ಎಲ್ಲರೂ ನಕ್ಕರು. ತಮಾಷೆ ಎಂದುಕೊಂಡರು. ಬಿಳಿ ಹುಡುಗರು ಪದ್ಧತಿಯೇ ಹೀಗೆ ಎಂದು ತಿಳಿದು ಚಪ್ಪಾಳೆ ಹೊಡೆದರು. ಪಟೇಲ ಮಾತ್ರ ನಗಲಿಲ್ಲ.

"ಏನ್ಲಾ ಅದು ದಿಮಾಕು? ಬಾರ್ಲೇ ಮ್ಯಾಕೆ!"

"ಬತ್ತೀನಿ. ನನ್ ಹೆಂಡ್ತಿ ಬಂದು ಕೊಡ ಇಳಿಸ್ಲಿ. ನಾನು ಮೊಗೆದು ತುಂಬ್ತೀನಿ. ಅವ್ಳು ಸೇದ್ಕೊಂಡು ಹೋಗ್ಲಿ. ನಮ್ ಹಟ್ಟಿ ಹೆಂಗಸ್ರೆಲ್ಲ ಸೇದ್ಲಿ. ಆಮೇಲೆ ಬತ್ತೀನಿ ಪಟೇಲ್ರೆ."

ಪಟೇಲ್ರೆ ಎಂದ. ಬುದ್ಧಿ ಎನ್ನಲಿಲ್ಲ. ನಮ್ಮಪ್ಪನ ಬಾಯಲ್ಲಿ ಆ ಮಾತು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ.

"ಹಗ್ಗ ಬಿಚ್ಕೊಳ್ರಲಾ!" ಪಟೇಲ ಕಿರುಚಿದ. "ಅಲ್ಲೇ ಬಿದ್ದು ಸಾಯ್ಲಿ!"

ಅಪ್ಪ ಕೆಳಗಿನಿಂದ ತಣ್ಣಗೆ ಹೇಳಿದ. "ಸತ್ತೇನು. ನಾನು ಇಲ್ಲೇ ಸತ್ರೆ ಎಷ್ಟು ಬಿಂದಿಗೆ ಅರಿಶ್ಣ ಬೇಕಾಯ್ತದೆ, ಐನೋರನ್ನ ಕೇಳಿ ಇಟ್ಕೊಳ್ಳಿ."

ಐನೋರು ಬಿಂದಿಗೆ ಕೆಳಗಿಟ್ಟರು. ಹಗ್ಗಕ್ಕೆ ಕೈ ಹಾಕಲು ಬಂದವರ ಎದುರು ಕಾಲೋನಿಯ ಎಂಟು ಜನ ನಿಂತರು. ಯಾರೂ ಬೈಯಲಿಲ್ಲ, ಕೈ ಎತ್ತಲಿಲ್ಲ. ಹಗ್ಗ ಹಿಡಿದು ನಿಂತರು ಅಷ್ಟೆ.

ಪ್ರೊಫೆಸರ್ ನನ್ನ ಹತ್ತಿರ ಬಂದು ಏನಾಗುತ್ತಿದೆ ಎಂದು ಕೇಳಿದರು. ಲಕ್ಷ್ಮೀನರಸಿಂಹಯ್ಯ ನನ್ನ ತೋಳು ಹಿಡಿದು ಹಿಸುಕಿದರು. "ಬಾವಿ ಮೇಲೆ ಅವ್ನಿಗೆ ತುಂಬಾ ಪ್ರೀತಿ, ಬಿಟ್ಟು ಬರೋಕೆ ಮನಸ್ಸಿಲ್ಲ ಅನ್ನಯ್ಯಾ. ಅಷ್ಟೇ ಹೇಳು. ನಿನ್ ಕೆಲ್ಸದ ವಿಚಾರ ನೆನಪಿರ್ಲಿ."

ನೆನಪಿತ್ತು. ಅದಕ್ಕೇ ಮೊದಲು ಅವರ ಕೈಯನ್ನು ನನ್ನ ತೋಳಿನಿಂದ ತೆಗೆದೆ.

"ಆ ಅರಿಶಿನದ ನೀರು ಹೂಳಿನ ಕೊಳೆ ತೊಳೆಯಲು ಅಲ್ಲ" ಎಂದೆ ಇಂಗ್ಲಿಷಿನಲ್ಲಿ. "ನಮ್ಮಪ್ಪನನ್ನು ಬಾವಿಯಿಂದ ತೊಳೆಯಲು. ನಿಮಗಾಗಿ ಏಳು ದಿನ ಕೆಸರು ಹೊತ್ತವನು ಕೊಳೆ. ಅಲ್ಲಿ ಕೊಡ ಹಿಡಿದು ನಿಂತಿದ್ದಾಳಲ್ಲ, ಅವಳು ನಮ್ಮವ್ವ. ಅವಳು ಹೇಳಿದ ಮೂರು ಗಂಟೆ ಸರಿಯಾಗಿತ್ತು. ನೂರು ಗಜ ನಡೆಯಲು ಎರಡು ನಿಮಿಷ. ಉಳಿದದ್ದು ಯಾರಾದರೂ ಸೇದಿ ಹುಯ್ಯಲಿ ಎಂದು ಕಾಯಲು. ನಾನು ಸುಳ್ಳು ಹೇಳಿದೆ. ನೀವು ಕಾಗದ ತಿದ್ದಿದಿರಿ. ನಮ್ಮ ಬಾವಿ ಹೋಯಿತು."

ನನ್ನ ಇಂಗ್ಲಿಷಿನಲ್ಲಿ ವ್ಯಾಕರಣ ಎಷ್ಟಿತ್ತೋ ಕಾಣೆ, ಉಗುಳು ಮಾತ್ರ ಹಾರುತ್ತಿತ್ತು. ಪ್ರೊಫೆಸರ್ ವಿಟ್ಲಾಕ್ ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ವಿಷಾದದ ವಿಷಯ ಎಂದರು. ಆದರೆ ನಾವು ಅತಿಥಿಗಳು, ಸ್ಥಳೀಯ ಸಂಸ್ಕೃತಿಯಲ್ಲಿ ಕೈ ಹಾಕುವುದು ನಮ್ಮ ನೀತಿಯಲ್ಲ ಎಂದರು. ವಾರವೆಲ್ಲ ಬಾವಿಯ ತಳಕ್ಕೇ ಕೈ ಹಾಕಿಸಿದವರಿಗೆ ಕಟ್ಟೆಯ ಹತ್ತಿರ ಬಂದಾಗ ನೀತಿ ನೆನಪಾಯಿತು.

ಕ್ಯಾರಲ್ ಒಬ್ಬಳು ಅಳುತ್ತಿದ್ದಳು. ಒಳ್ಳೆಯ ಹುಡುಗಿ, ನಾನು ಇಲ್ಲ ಎನ್ನುವುದಿಲ್ಲ. ಓಡಿಹೋಗಿ ಅವ್ವನ ಸೊಂಟದ ಮೇಲಿದ್ದ ಕೊಡಕ್ಕೆ ಕೈ ಹಾಕಿದಳು. ತನ್ನನ್ನು ಯಾರೂ ತಡೆಯುವುದಿಲ್ಲ, ತಾನೇ ಸೇದಿ ಇವರ ಕೊಡ ತುಂಬಿಸುತ್ತೇನೆ, ಹೇಳು ಎಂದಳು ನನಗೆ. ನಾನು ದಾಟಿಸಿದೆ. ಈ ಸಲ ಒಂದು ಅಕ್ಷರ ಬಿಡದೆ ದಾಟಿಸಿದೆ.

ಅಲ್ಲಿಯ ತನಕ ಅವ್ವ ನಿಂತಲ್ಲೇ ನಿಂತಿದ್ದಳು. "ಓ ಹೊನ್ನನಪ್ಪಾ, ಬಂದ್ಬುಡು ಮ್ಯಾಕೆ, ನಮ್ಗ್ಯಾಕೆ ಇದೆಲ್ಲ" ಎಂದು ಎರಡು ಸಲ ಕೂಗಿದ್ದಳು ಕೂಡ. ಕ್ಯಾರಲ್‌ಳ ಮಾತು ಕೇಳಿದ್ದೇ ಕೊಡವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬುಡವ್ವ. ಮೂವತ್ತು ವರ್ಸ ಹುಯ್ಸ್ಕೊಂಡಿದೀನಿ. ಊರೋರ ಕೈಲಿ ಹುಯ್ಸ್ಕೊಂಡಿದ್ದು ಸಾಲ್ದು ಅಂತ ಈಗ ನಿನ್ ಕೈಲಿ ಬೇರೆ ಹುಯ್ಸ್ಕೊಳ್ಲಾ?"

ಎಂದವಳೇ ನಡೆದಳು. ಹನ್ನೆರಡು ಹೆಜ್ಜೆ. ತೋರಣದ ಕೆಳಗೆ ಬಗ್ಗಿ ಕಟ್ಟೆ ಹತ್ತಿದಳು. ಪಟೇಲನ ಹೆಂಡತಿ ರಂಗಲಕ್ಷ್ಮಮ್ಮ ಅಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಹಾವು ಕಂಡವಳಂತೆ ಹಿಂದಕ್ಕೆ ಸರಿದಳು.

ಅವ್ವ ಹಗ್ಗದ ತುದಿ ಹಿಡಿದು ಸುಮ್ಮನೆ ನಿಂತುಬಿಟ್ಟಳು. ಯಾಕೆಂದು ನನಗೆ ಆಮೇಲೆ ಹೊಳೆಯಿತು. ನಮ್ಮವ್ವನಿಗೆ ಸೇದಲು ಬರುತ್ತಿರಲಿಲ್ಲ. ನಲವತ್ತೈದು ವರ್ಷದ ಹೆಂಗಸು, ಗದ್ದೆ ನಾಟಿ ಮಾಡುತ್ತಾಳೆ, ಸೌದೆ ಸೀಳುತ್ತಾಳೆ, ಎರಡು ಹೆಣ್ಣು ಒಂದು ಗಂಡು ತಾನೇ ಹೆತ್ತು ತಾನೇ ಹೊಕ್ಕುಳು ಕುಯ್ದುಕೊಂಡಿದ್ದಾಳೆ. ರಾಟೆಯ ಹಗ್ಗ ಮುಟ್ಟಿಯೇ ಇರಲಿಲ್ಲ. ಕೊಡದ ಕಂಠಕ್ಕೆ ಕುಣಿಕೆ ಹಾಕುವುದು ಹೇಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ಸೀರೆ ಗಂಟು ಹಾಕುವಂತೆ ಒಂದು ಗಂಟು ಹಾಕಿದಳು.

"ಅದು ಬಿಗಿ ಸಾಲ್ದು ಕಣೇ ಚಿಕ್ಕಗಂಗಿ, ಇನ್ನೊಂದ್ ಸುತ್ತು ಹಾಕು!" ಎಂದುಬಿಟ್ಟಳು ರಂಗಲಕ್ಷ್ಮಮ್ಮ. ಎಂದವಳು ನಾಲಿಗೆ ಕಚ್ಚಿಕೊಂಡು ಗಂಡನ ಮುಖ ನೋಡಿದಳು. ಪಟೇಲ ಹೆಂಡತಿಯನ್ನು ನುಂಗುವಂತೆ ನೋಡಿದ.

ಅವ್ವ ಇನ್ನೊಂದು ಸುತ್ತು ಹಾಕಿದಳು. ಕೊಡ ಕೆಳಗಿಳಿಯಿತು. ಹಗ್ಗ ಅಂಗೈಯಲ್ಲಿ ಜಾರಿ ಸುಟ್ಟಿತು, ಬಿಡಲಿಲ್ಲ. ಕೆಳಗೆ ಅಪ್ಪ ಹಿಡಿದುಕೊಂಡ. ತುಂಬಿದ. ಅವ್ವ ಜಗ್ಗಿದಳು. ನಾನು ಕೈ ಚಾಚಿದರೆ "ಮುಟ್ಬ್ಯಾಡ ಹೋಗು" ಎಂದಳು. ಕೊಡ ತುಳುಕುತ್ತಾ ಮೇಲೆ ಬಂತು. ನಿಂಗಮ್ಮ, ಗಿರಿಯಮ್ಮ, ಕಾಲೋನಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕೊಡ ತಂದು ಕಟ್ಟೆಯ ಹತ್ತಿರ ನಿಂತರು.

ಹನ್ನೆರಡೂವರೆಗೆ ಸರಿಯಾಗಿ ಬಸ್ಸು ಹಾರ್ನ್ ಹೊಡೆಯಿತು. ಬೆಂಗಳೂರಿನಲ್ಲಿ ಊಟಕ್ಕೆ ಹೋಟೆಲು ಗೊತ್ತಾಗಿತ್ತು. ಹುಡುಗರು ಹತ್ತಿದರು, ಕ್ಯಾರಲ್‌ಳನ್ನೂ ಹತ್ತಿಸಿದರು. ಲಕ್ಷ್ಮೀನರಸಿಂಹಯ್ಯ ನನ್ನ ಕಡೆ ತಿರುಗಿಯೂ ನೋಡದೆ ಹತ್ತಿದರು. ಕೆಲವು ತಿಂಗಳ ಮೇಲೆ ಅವರ ಕೇಂದ್ರಕ್ಕೆ ಬಂದ ತಂಡದ ವರದಿ ಹೇಗೋ ನನ್ನ ಕೈಗೂ ಸಿಕ್ಕಿತು. 'ಗ್ರಾಮಸ್ಥರು ಬಾವಿಯನ್ನು ಎಷ್ಟು ತಮ್ಮದಾಗಿಸಿಕೊಂಡರೆಂದರೆ, ಉದ್ಘಾಟನೆಯ ದಿನ ಒಬ್ಬರು ಅದರಿಂದ ಹೊರಬರಲು ಒಪ್ಪಲೇ ಇಲ್ಲ' ಎಂದಿತ್ತು. ಕ್ರೆಡಿಟ್ ಎಲ್ಲರಿಗೂ ಸಿಕ್ಕಿತಂತೆ.

ಅವತ್ತು ಬಸ್ಸಿನ ಧೂಳು ಅಡಗಿದ ಮೇಲೂ ಪಟೇಲ ಕದಲಲಿಲ್ಲ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತ. ಪಕ್ಕದಲ್ಲಿ ಐನೋರು, ಅರಿಶಿನದ ಬಿಂದಿಗೆ.

"ಸೇದ್ಕೊಳ್ಳಿ ಸೇದ್ಕೊಳ್ಳಿ. ಅವ್ನು ಮ್ಯಾಕೆ ಬಂದೇ ಬತ್ತಾನಲ್ಲ. ಬಂದ ತಕ್ಷಣ ಪುಣ್ಯಾಹ ಮಾಡ್ಸಿ ಕಟ್ಟೆಗೆ ಮುಳ್ಳು ಬಡಿಸ್ತೀನಿ. ಆಮೇಲೆ ಯಾವ್ಳು ಹತ್ತಾಳೋ ನೋಡ್ತೀನಿ."

ಅವನ ಲೆಕ್ಕ ತಪ್ಪಿರಲಿಲ್ಲ. ಜಲ ಜೋರಾಗಿತ್ತು. ಎರಡು ಗಂಟೆಯ ಹೊತ್ತಿಗೆ ನೀರು ಅಪ್ಪನ ಸೊಂಟ ದಾಟಿತ್ತು. ಬಗ್ಗಿ ನೋಡಿದೆ. ತುಂಬುವ ಕೈ ನಿಧಾನವಾಗಿತ್ತು. ಹಲ್ಲು ಕಟಕಟ ಅನ್ನುವುದು ಮೇಲಕ್ಕೂ ಕೇಳುತ್ತಿತ್ತು. ಐವತ್ತು ದಾಟಿದ ಮನುಷ್ಯ, ಬೆಳಗಿನಿಂದ ಏನೂ ತಿಂದಿಲ್ಲ. ಅವನು ಮೇಲೆ ಬರಲೇಬೇಕಿತ್ತು. ಬಂದರೆ ಎಲ್ಲ ಮುಗಿಯುತ್ತಿತ್ತು.

ನಾನು ಕೇಂದ್ರದವರು ಕೊಟ್ಟಿದ್ದ ಬಿಳಿ ಶರ್ಟು ಬಿಚ್ಚಿದೆ. ಪ್ಯಾಂಟು ಬಿಚ್ಚಿದೆ. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡೆ. ಹಗ್ಗ ಹಿಡಿದವರಿಗೆ ಏನೂ ಹೇಳಬೇಕಾಗಲಿಲ್ಲ. ಅವ್ವ ನನ್ನ ಮುಖ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು, ಪಕ್ಕಕ್ಕೆ ಸರಿದಳು.

ಏಳಾಳು ಆಳ ಇಳಿಯುವಷ್ಟರಲ್ಲಿ ಕಲ್ಲಿಗೆ ಉಜ್ಜಿ ಮೊಣಕೈ ಕಿತ್ತುಹೋಯಿತು. ನೀರಿಗೆ ಕಾಲಿಟ್ಟ ಕೂಡಲೇ ಉಸಿರು ನಿಂತಂತಾಯಿತು. ಅಪ್ಪ ನನ್ನನ್ನು ನೋಡಿ ಬೈಯಲಿಲ್ಲ.

"ಈಜು ಬತ್ತದೇನ್ಲಾ?"

"ಬರಲ್ಲ ಅಪ್ಪ."

"ನೀರುಗಂಟಿ ಮಗ. ಅದೇನ್ ಬಿ.ಎ. ಓದ್ದೋ." ನಕ್ಕ. ತುಟಿ ನೀಲಿಯಾಗಿತ್ತು. "ಆ ಮೂಲೇಲಿ ಬಂಡೆ ಐತೆ, ಅದ್ರ ಮ್ಯಾಲೆ ನಿಂತ್ಕೊ. ಎದೆ ಮಟ್ಟ ಬಂದ್ರೆ ಕೂಗು, ಇನ್ನೊಬ್ಬ ಇಳೀತಾನೆ. ಕೊಡ ಬರುವಾಗ ಮ್ಯಾಕೆ ನೋಡ್ಬೇಕು, ಇಲ್ದಿದ್ರೆ ತಲೆ ಒಡೀತದೆ."

ನನ್ನ ಸೊಂಟದ ಹಗ್ಗ ಬಿಚ್ಚಿ ಅವನಿಗೆ ಕಟ್ಟಿದೆ. ಅವನ ಮೈ ಕಲ್ಲಿನಷ್ಟು ತಣ್ಣಗಿತ್ತು. ನನಗೆ ಅಳು ಬಂತು. ಅವನು ಮೇಲೇರಿದ. ಬಾವಿಯ ಬಾಯಿ ಒಂದು ಗಳಿಗೆ ಅವನ ಮೈಯಿಂದ ಮುಚ್ಚಿಹೋಗಿ ಮತ್ತೆ ತೆರೆಯಿತು.

ಮೇಲೆ ಕುರ್ಚಿ ಸರಿದ ಸದ್ದು. "ಬಂದ್ನಾ? ಹೂಂ, ಸುರು ಮಾಡಿ ಐನೋರೆ!"

ಐನೋರ ಜುಟ್ಟಿನ ತಲೆ ಬಾವಿಯ ಅಂಚಿನಲ್ಲಿ ಕಾಣಿಸಿತು. ಕೆಳಗೆ ನೋಡಿತು. ನಾನೂ ನೋಡಿದೆ.

"ಒಳ್ಗಡೆ ಇನ್ನೊಬ್ಬ ಇದಾನಲ್ರಿ ಪಟೇಲ್ರೆ" ಎಂದಿತು ತಲೆ.

ಪಟೇಲ ಏನೆಂದನೋ ಕೇಳಿಸಲಿಲ್ಲ. ರಾಟೆ ಕಿರುಗುಟ್ಟಿತು. ಖಾಲಿ ಕೊಡ ಗೋಡೆಗೆ ತಾಗುತ್ತಾ ಇಳಿಯತೊಡಗಿತು. ನಾನು ಅಪ್ಪ ಹೇಳಿದಂತೆ ಮೇಲೆ ನೋಡುತ್ತಾ ಬಂಡೆಯ ಮೇಲೆ ನಿಂತು ಎರಡೂ ಕೈ ಎತ್ತಿದೆ.

"ಇಳಿಸವ್ವ" ಎಂದು ಕೂಗಿದೆ. "ಇಲ್ಲೇ ಇದೀನಿ."